ಎಪ್ಪತ್ತೆರಡು ತಾಸಿನ ಕಾಲಂ

"ಮೂರು ಹುಳಾ ಸಾಯಿಸೀದಿ ಅಲ್ಲಬೇ ಬೋಸುಡಿ! ನಿನ್ನ ಗಂಡ ಸತ್ರ ನಾಳೆ ಇನ್ನೊಬ್ಬ ಸಿಗತಾನ. ಈ ಹುಳಾ ಸತ್ರ ಎಲ್ಲಿಂದ ತರಲಿ? ನಿಮ್ಮಪ್ಪ ಹಡದು ಕೊಡ್ತಾನೇನು?"

ಹತ್ತೊಂಬತ್ತನೇ ಟ್ರೇಯನ್ನು ನನ್ನ ಮೂಗಿನ ತನಕ ತಂದು ಕೊಟ್ರೇಶ ಒದರುತ್ತಿದ್ದ. ಅವನು ನಮ್ಮ ಸೂಪರ್‌ವೈಜರ್. ಟ್ರೇಯನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಕುಕ್ಕಿದ. ನಮ್ಮ ಕೈಗೆ ಅವನು ಏನನ್ನೂ ಕೊಡುವುದಿಲ್ಲ. ಕೆಳಗಿಟ್ಟು ಸರಿದು ನಿಂತ ಮೇಲೆ ನಾವು ಎತ್ತಿಕೊಳ್ಳಬೇಕು.

"ಸತ್ತಿಲ್ರಿ ಅವು. ಪೊರೆ ಬಿಡಾಕತ್ತಾವು" ಎಂದೆ.

"ನನಗ ಕಲಸ್ತೀಯೇನ? ಕೇರಿಯಿಂದ ಬಂದು ಸೈಂಟಿಸ್ಟ್ ಆದಿ ನೀನು!"

ಅಷ್ಟರಲ್ಲಿ ಮೂರರಲ್ಲಿ ಒಂದು ಹುಳ ಹಳೆಯ ಚರ್ಮ ಕಳಚಿ ಹೊರಳಿತು. ಕೊಟ್ರೇಶ ಅದನ್ನು ನೋಡಿದ. ಹುಳ ಅವನ ಮರ್ಯಾದೆ ತೆಗೆದಿತ್ತು, ಸಿಟ್ಟು ಬಂದದ್ದು ಮಾತ್ರ ನನ್ನ ಮೇಲೆ.

ನಾನು ಮಾಲಾ. ತಿಳವಳ್ಳಿ ಹತ್ತಿರದ ಈ ಸಂಶೋಧನಾ ಕೇಂದ್ರದಲ್ಲಿ ಹುಳ ಸಾಕುವ ಕೂಲಿಯವಳು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಸುತ್ತಲಿನ ನಾಲ್ಕೂ ತಾಲೂಕಿನ ರೈತರು ಗೋವಿನಜೋಳದ ಸುಳಿ ತಿನ್ನುವ ಲದ್ದಿಹುಳವನ್ನು ಕೊಲ್ಲಲು ಹೆಣಗುತ್ತಿರುತ್ತಾರೆ. ನಾನು ಅದೇ ಹುಳಕ್ಕೆ ಬಾಣಂತನ ಮಾಡುತ್ತೇನೆ. ಯಾವ ಎಣ್ಣೆಗೆ ಹುಳ ಸಾಯುತ್ತದೆ, ಯಾವ ತಳಿಯ ಜೋಳ ಹುಳವನ್ನು ತಡೆದುಕೊಳ್ಳುತ್ತದೆ ಎಂದು ನೋಡಬೇಕಾದರೆ ಮೊದಲು ಹುಳ ಬೇಕಲ್ಲ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತೇವೆ. ಕುಡಿದು ಸತ್ತವರಿಗೂ ಎಣ್ಣೆ ಕುಡಿದ ಎಂದೇ ಹೇಳುತ್ತೇವೆ.

ಹುಳಗಳ ಕೋಣೆಗೆ ಹಗಲೂ ರಾತ್ರಿ ಏಸಿ. ಊಟಕ್ಕೆ ಕಡಲೆಹಿಟ್ಟು, ಅದರಲ್ಲಿ ಅರೆದು ಹಾಕಿದ ವಿಟಮಿನ್ ಗುಳಿಗೆ. ದೊಡ್ಡವಾಗಿ ಚಿಟ್ಟೆಯಾದರೆ ಹತ್ತಿಯಲ್ಲಿ ಅದ್ದಿದ ಜೇನುತುಪ್ಪ. ಒಮ್ಮೆ ಜೇನು ಹತ್ತಿದ ಬೆರಳನ್ನು ನೆಕ್ಕಿದ್ದಕ್ಕೆ ಒಂದು ವಾರ ಬೈಸಿಕೊಂಡಿದ್ದೇನೆ. ಈ ಹುಳ ತನ್ನವರನ್ನೇ ತಿನ್ನುತ್ತದೆ, ಆದ್ದರಿಂದ ಒಂದೊಂದಕ್ಕೆ ಒಂದೊಂದು ಪ್ಲಾಸ್ಟಿಕ್ ಕಪ್ಪು. ಹುಳ ಕೋಶ ಕಟ್ಟಿದ ಮೇಲೆ ಆ ಕಪ್ಪುಗಳನ್ನು ತೊಳೆದು ಪಂಪ್‌ಸೆಟ್ಟಿನ ಗೂಡಿನಲ್ಲಿ ಇಡುತ್ತಾರೆ. ನಮಗೆ ಚಹಾ ಕೊಡುವುದು ಅವುಗಳಲ್ಲೇ. ಆಫೀಸಿನವರಿಗೆ ಸ್ಟೀಲಿನ ಲೋಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಕೇಳಿದ್ದೆ. "ಹುಳಾ ಉಂಡ ಕಪ್ಪು ಅಂತ ನಮಗೂ ಗೊತ್ತೈತಿ. ನಿಮಗ ಅದೂ ಹೆಚ್ಚಾತು" ಎಂದು ಕೊಟ್ರೇಶ ಮೇಲಿನಿಂದ ಚಹಾ ಸುರಿದಿದ್ದ.

ಆ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮನೆತನ ಆರನೇ ವಂಶದ್ದು. ಎಣ್ಣೆ ಮುಟ್ಟಿಸಿ, ಬದುಕಿದವನ್ನಷ್ಟೇ ಕೂಡಿಸಿ, ಅವುಗಳ ಮರಿಗೆ ಮತ್ತೆ ಎಣ್ಣೆ ಮುಟ್ಟಿಸಿ ಬೆಳೆಸಿದ್ದು. ಇಪ್ಪತ್ತೆರಡು ತಲೆಮಾರು. ಅವುಗಳ ವಂಶಾವಳಿ ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳಲ್ಲಿದೆ. ನನ್ನ ಅಜ್ಜನ ಅಪ್ಪ ಯಾರೆಂದು ಕೇಳಿದರೆ ನನಗೆ ಗೊತ್ತಿಲ್ಲ. ಆರನೇ ವಂಶದ ಹನ್ನೊಂದನೇ ತಲೆಮಾರಿನ ಅಜ್ಜಿ ಯಾವ ಟ್ರೇಯಲ್ಲಿದ್ದಳು ಎಂದು ಕೇಳಿ, ಹೇಳುತ್ತೇನೆ.

ಆನಂದ ಸರ್ ಇಲ್ಲಿನ ದೊಡ್ಡ ವಿಜ್ಞಾನಿ. ದಕ್ಷಿಣದ ಕಡೆಯವರು, ಬೈಯುವುದಿಲ್ಲ. ನಾವಿದ್ದೇವೆ ಎಂಬುದೇ ಅವರ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಬೈಗುಳದ ಪ್ರಶ್ನೆಯೂ ಇಲ್ಲ. ನಾನು ಹತ್ತನೇ ತರಗತಿ ಪಾಸಾದವಳು, ಅಕ್ಷರ ದುಂಡಗಿದೆ ಎಂದು ಅವರೇ ನನಗೆ ಚಾರ್ಟು ಬರೆಯುವ ಕೆಲಸ ಕೊಟ್ಟರು. ಎಣ್ಣೆಯಲ್ಲಿ ಅದ್ದಿದ ಎಲೆಯನ್ನು ಹುಳಕ್ಕೆ ತಿನ್ನಿಸಿ, ಇಪ್ಪತ್ನಾಲ್ಕು ತಾಸಿಗೊಮ್ಮೆ, ನಲವತ್ತೆಂಟಕ್ಕೊಮ್ಮೆ, ಎಪ್ಪತ್ತೆರಡಕ್ಕೊಮ್ಮೆ ಸಣ್ಣ ಕುಂಚದಿಂದ ಮುಟ್ಟಿ ನೋಡಬೇಕು. ಮಿಸುಕಾಡಿದರೆ 'ಜೀವಂತ' ಎಂದು ಬರೆಯಬೇಕು. ಇಲ್ಲದಿದ್ದರೆ 'ಸತ್ತಿದೆ'.

"ಕಣ್ಣಿಗೆ ಕಂಡದ್ದನ್ನೇ ಬರೀಬೇಕು ಮಾಲಾ. ವಿಜ್ಞಾನದಲ್ಲಿ ಅಯ್ಯೋ ಪಾಪ ಅನ್ನೋ ಹಾಗಿಲ್ಲ" ಎಂದಿದ್ದರು.

ಆಗಲಿ ಸರ್ ಎಂದಿದ್ದೆ.

ಆ ಶುಕ್ರವಾರ ಬೆಳಿಗ್ಗೆ ಫೋಟೋದವನು ಬಂದಿದ್ದ. ಸೋಮವಾರ ಹೊರಗಿನಿಂದ ದೊಡ್ಡ ಅತಿಥಿಗಳು ಬರುವವರಿದ್ದರು. ನನ್ನ ಗಂಡ ಮಾರೆಪ್ಪ ಹೊಲದಲ್ಲಿ ಎಣ್ಣೆ ಹೊಡೆಯುವ ಕೆಲಸದವನು. ಆಗ ಹೊಡೆಯುತ್ತಿದ್ದದ್ದು ಒಂದು ಕಂಪನಿ ಪರೀಕ್ಷೆಗೆ ಕಳಿಸಿದ, ಎ-7 ಎಂಬ ನಂಬರಿನ ಎಣ್ಣೆ. ಅವನನ್ನು ಕರೆದು ಬಿಳಿ ಅಂಗಿ, ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಸಿ ಜೋಳದ ನಡುವೆ ನಿಲ್ಲಿಸಿದರು. ಚಂದ್ರನ ಮೇಲೆ ಇಳಿದವನಂತೆ ಕಾಣುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅವನೂ ಒಳಗೇ ನಗುತ್ತಿದ್ದ, ಕನ್ನಡಕಕ್ಕೆ ಉಗಿ ಹತ್ತಿತ್ತು.

ನಾಲ್ಕು ಫೋಟೋ ಮುಗಿದವು.

"ಕಳಚೋ ಲಗೂನ, ಬೆವರು ಹತ್ತೀತು" ಎಂದ ಕೊಟ್ರೇಶ.

"ಸಾಹೇಬ್ರ, ಮುಖದ್ದೊಂದಾದ್ರೂ ಇರಲಿ ಬಿಡ್ರಿ. ಈ ಎ-ಏಳು ಬಾಳ ಘಾಟ ಐತಿ. ನಿನ್ನೆ ಹೊಡದಾಗಿಂದ ತಲಿ ತಿರುಗಾಕತ್ತೈತಿ."

"ಯಾಕ, ಮದಿವಿಗೆ ಹೊಂಟೀಯೇನ? ಟಾವೆಲ್ ಕಟ್ಕೊಂಡು ಹೊಡಿ ಭಾಡ್ಕೋ. ಇವತ್ತ ಡಬಲ್ ಡೋಸು."

ಅಂಗಿ, ಮಾಸ್ಕು, ಕನ್ನಡಕ, ಎರಡು ಗವಸು ಎಲ್ಲವೂ ಪ್ಲಾಸ್ಟಿಕ್ ಚೀಲಕ್ಕೆ ಮರಳಿ ಹೋದವು. ಮಾರೆಪ್ಪ ಟವೆಲ್ ಕಟ್ಟಿಕೊಂಡು ಪಂಪು ಬೆನ್ನಿಗೇರಿಸಿದ. ಆ ಪಂಪಿನ ಮುಚ್ಚಳ ಸೋರುತ್ತದೆ. ಅದನ್ನು ನಾವು ಹೇಳಿ ಆರು ತಿಂಗಳಾಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅವನು ಹನ್ನೆರಡನೇ ಸಾಲಿನಲ್ಲಿ ಬಿದ್ದಿದ್ದ. ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಎಳ್ಳಿನಷ್ಟಾಗಿತ್ತು. ಕಾಲು ಒಂದೇ ಸಮನೆ ಅದುರುತ್ತಿತ್ತು. ಎಣ್ಣೆ ಮುಟ್ಟಿದ ಹುಳ ಹಾಗೆ ಅದುರುವುದನ್ನು ನಾನು ಸಾವಿರ ಸಲ ನೋಡಿದ್ದೇನೆ, ನೋಡಿ ಬರೆದಿದ್ದೇನೆ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಎದೆ ಬಡಿದುಕೊಂಡು ಕೂಗಿದೆ.

ಕೊಟ್ರೇಶ ಬಂದು ದೂರದಿಂದಲೇ ಬಗ್ಗಿ ನೋಡಿದ. "ಕುಡದು ಬಂದಾನ ಸೂಳಿಮಗ."

"ಜೀಪ್ ಕೊಡ್ರಿ, ನಿಮ್ಮ ಕಾಲ ಬೀಳ್ತೇನಿ!"

"ಜೀಪ್ ಅತಿಥಿಗಳಿಗೆ ಅಂತ ಈಗ ತೊಳದಿಟ್ಟೇವಿ. ಇವ ವಾಂತಿ ಮಾಡ್ಕೊಂಡ್ರ ಯಾರು ಬಳೀಬೇಕು?"

ಸವಣೂರಿನಿಂದ ಹುಳಗಳ ಕಡಲೆಹಿಟ್ಟು ತಂದ ಇನಾಯತನ ಟಂಟಂ ಆಟೋ ಗೇಟಿನಲ್ಲಿತ್ತು. ಅವನು ಯಾರನ್ನೂ ಕೇಳಲಿಲ್ಲ. ಎರಡು ಚೀಲ ಹಿಟ್ಟನ್ನು ನೆಲಕ್ಕೆ ಉರುಳಿಸಿ ಮಾರೆಪ್ಪನನ್ನು ಎತ್ತಿ ಮಲಗಿಸಿದ. ಗೇಟಿನ ಹತ್ತಿರ ಕಸ ಹೊಡೆಯುತ್ತಿದ್ದ ನನ್ನ ಅತ್ತೆ ಅಡಿವೆವ್ವ ಓಡಿ ಬಂದಳು. ಬಂದವಳು ಮಗನ ಮುಖ ನೋಡಿದಳು, ಹೊಲಕ್ಕೆ ನುಗ್ಗಿ ಎಣ್ಣೆಯ ಕ್ಯಾನನ್ನು ಸೆರಗಿನಲ್ಲಿ ಹಿಡಿದು ತಂದಳು. ಹಾವು ಕಡಿದರೆ ಆ ಹಾವನ್ನೇ ಹೊಡೆದು ದವಾಖಾನೆಗೆ ಒಯ್ಯುವ ಜನ ನಾವು. ಕಡಿದದ್ದು ಯಾವುದೆಂದು ಡಾಕ್ಟರಿಗೆ ತೋರಿಸಬೇಕು.

ಹಾನಗಲ್ಲಿನ ದವಾಖಾನೆಯಲ್ಲಿ ನುಜಹತ ಡಾಕ್ಟರು ಅವನ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಸಿ, ಕೈಗೆ ಸಲೈನು ಚುಚ್ಚಿದರು.

"ಯಾವ ಎಣ್ಣಿ?"

ಅಡಿವೆವ್ವ ಕ್ಯಾನನ್ನು ಮುಂದೆ ಹಿಡಿದಳು. ಡಾಕ್ಟರು ಸುತ್ತ ತಿರುಗಿಸಿ ನೋಡಿದರು. ಬಿಳಿ ಕ್ಯಾನು, ಬಿಳಿ ಕಾಗದ, ಎ-7.

"ಇದು ನಂಬರ್ರಿ. ಹೆಸರ ಏನು?"

"ಅದ ಹೆಸರ್ರಿ ಅದಕ್ಕ" ಎಂದೆ.

"ಅಲ್ಲವ್ವಾ, ಒಳಗ ಏನೈತಿ? ಮ್ಯಾಲ ಕಾಣೋದಕ್ಕ ಔಷಧ ಕೊಟ್ಟೇನಿ. ಒಂದ ಜಾತಿ ಎಣ್ಣಿಗೆ ಬ್ಯಾರೆ ಸೂಜಿ ಐತಿ, ಇನ್ನೊಂದ ಜಾತಿಗೆ ಅದನ್ನ ಕೊಡಬಾರ್ದು. ಹೆಸರ ಗೊತ್ತಿಲ್ದ ನಾ ಹೆಂಗ ಚುಚ್ಚಲಿ?"

ಅವರೇ ಆನಂದ ಸರ್‌ಗೆ ಫೋನ್ ಹಚ್ಚಿದರು. ಮೊದಲು ಇಂಗ್ಲಿಷಿನಲ್ಲಿ ಮೆತ್ತಗೆ, ಆಮೇಲೆ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿದರು. ಫೋನು ಇಟ್ಟು ನನ್ನ ಕಡೆ ತಿರುಗಿದರು. "ಕಂಪನಿ ಗುಟ್ಟಂತ. ಹೇಳಂಗಿಲ್ಲಂತ. ನೀ ಅಲ್ಲಿ ಕೆಲಸ ಮಾಡಾಕಿ ಹೌದಿಲ್ಲೋ? ಹೋಗು, ಹೆಂಗಾರ ಮಾಡಿ ಹೆಸರ ತಗೊಂಡು ನನಗ ಫೋನ್ ಮಾಡು. ಇವನ್ನ ನಾ ನೋಡ್ಕೊಂತೇನಿ."

"ಅತ್ತಿ, ನೀ ಇಲ್ಲೇ ಇರು" ಎಂದೆ.

"ನಾ ಇಲ್ಲಿ ಕುಂತು ಮಾರಿ ನೋಡಿದ್ರ ಅವ ಏಳ್ತಾನೇನ? ನಡಿ" ಎಂದಳು ಅಡಿವೆವ್ವ.

ಆನಂದ ಸರ್ ಆಫೀಸಿನಲ್ಲಿ ಅತಿಥಿಗಳ ಊಟದ ಪಟ್ಟಿ ಬರೆಸುತ್ತಿದ್ದರು. ನನ್ನನ್ನು ನೋಡಿ ಪೆನ್ನು ಇಟ್ಟರು.

"ನೋಡಮ್ಮ ಮಾಲಾ, ಅದರ ಹೆಸರು ನನಗೂ ಗೊತ್ತಿಲ್ಲ. ಮುಚ್ಚಿದ ಲಕೋಟೆಯಲ್ಲಿದೆ. ಹೆಸರು ಗೊತ್ತಾದ್ರೆ ಎಣಿಸೋರು ಪಕ್ಷಪಾತ ಮಾಡ್ತಾರೆ ಅಂತ ಹಾಗೆ ಇಡೋದು. ಸೋಮವಾರ ಅತಿಥಿಗಳ ಮುಂದೆ ಒಡೀತೀವಿ. ಎಪ್ಪತ್ತೆರಡು ಗಂಟೆ ತಾಳ್ಕೋ."

"ಅವ ಹುಳ ಅಲ್ರಿ ಸರ್, ತಾಳ್ಕೊಳ್ಳಾಕ."

"ನಂಗೂ ಬೇಜಾರಿದೆ. ಆದರೆ ಈಗ ಒಡೆದರೆ ಆರು ತಿಂಗಳ ಪ್ರಯೋಗ ಮಣ್ಣುಪಾಲು. ಅಗ್ರಿಮೆಂಟಿದೆ."

ಬೇಜಾರು ಎಂದಾಗ ಅವರ ಮುಖದಲ್ಲಿ ನಿಜವಾಗಿಯೂ ಬೇಜಾರಿತ್ತು. ಅದು ನನ್ನ ಮೈಯನ್ನು ಇನ್ನಷ್ಟು ಉರಿಸಿತು. ಕೊಟ್ರೇಶ ಅಷ್ಟರಲ್ಲಿ ಒಂದು ಕಾಗದ ತಂದು ಮೇಜಿನ ತುದಿಗಿಟ್ಟು ಸರಿದು ನಿಂತ. ಮಾರೆಪ್ಪನಿಗೆ ಮೊದಲಿನಿಂದ ಮೂರ್ಛೆರೋಗ ಇತ್ತೆಂದು ಅದರಲ್ಲಿ ಬರೆದಿತ್ತು.

"ಹೆಬ್ಬಟ್ಟ ಒತ್ತು."

"ನನಗ ಸಹಿ ಬರ್ತೈತಿ. ಇದಕ್ಕ ಮಾಡಂಗಿಲ್ಲ" ಎಂದೆ.

ಹೊರಗೆ ಬಂದಾಗ ಅಡಿವೆವ್ವ ಕಾಣಲಿಲ್ಲ. ಎಲ್ಲೋ ಕುಳಿತು ಅಳುತ್ತಿದ್ದಾಳೆ ಎಂದುಕೊಂಡೆ. ನನ್ನ ಅತ್ತೆಯನ್ನು ನಾನಿನ್ನೂ ಸರಿಯಾಗಿ ಅರಿತಿರಲಿಲ್ಲ. ಬೇಲಿಯ ಆಚೆಗೇ ನಮ್ಮ ಮನೆ. ಅಲ್ಲಿಂದ ಅವಳು ಕೋಳಿಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದಳು. ಒಳಗೆ ಐದು ಹೇಂಟೆ, ಒಂದು ಹುಂಜ.

"ಹುಳದ ಕೋಲಿ ಕೀಲಿ ನಿನ್ನಂತ್ಯಾಕ ಐತಲ್ಲ?" ಎಂದಳು.

ಕೀಲಿ ನನ್ನ ಸೊಂಟದಲ್ಲೇ ಇತ್ತು. ಹುಳಗಳ ಮಧ್ಯಾಹ್ನದ ಊಟದ ಹೊತ್ತು ಅದು. ನಾವಿಬ್ಬರೂ ಒಳಗೆ ಹೋಗಿ ಅಗಳಿ ಹಾಕಿಕೊಂಡೆವು. ಬುಟ್ಟಿ ತೆರೆದರೆ ಕೋಳಿಗಳು ಏಸಿಯ ತಂಪಿಗೆ ಬೆರಗಾಗಿ ಒಂದು ಕಾಲೆತ್ತಿ ನಿಂತವು. ಆರನೇ ವಂಶದ ಒಂದನೇ ಟ್ರೇಯನ್ನು ಎತ್ತಿ, ನಡೆದಾಡುವ ದಾರಿ ಕಡೆಗಿನ ದೊಡ್ಡ ಗಾಜಿನ ಮುಂದೆ ಹಿಡಿದು ಕೂಗಿದೆ.

"ಸರ್! ಎ-ಏಳರ ಹೆಸರ ಹೇಳ್ರಿ!"

ಆನಂದ ಸರ್ ಓಡಿ ಬಂದರು. ಕೋಳಿಗಳನ್ನು ನೋಡಿದರು. ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಮಾರೆಪ್ಪನ ಸುದ್ದಿ ಹೇಳಿದಾಗ ಹೀಗಾಗಿರಲಿಲ್ಲ.

"ಮಾಲಾ, ಬೇಡ! ಇಪ್ಪತ್ತೆರಡು ತಲೆಮಾರು!"

"ಗೊತ್ತೈತ್ರಿ. ನಾನ ಸಾಕೇನಿ."

ಟ್ರೇ ಬೋರಲು ಹಾಕಿದೆ. ಕೋಳಿಗಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಡಲೆಹಿಟ್ಟು ತಿಂದು ಕೊಬ್ಬಿದ ಹುಳ, ಕುಕ್ಕಿದಲ್ಲೆಲ್ಲ ಮೃಷ್ಟಾನ್ನ.

"ಎಣ್ಣಿ ಹಚ್ಚಿದ್ದ ಟ್ರೇ ತಗೀಬ್ಯಾಡವಾ, ನನ್ನ ಕೋಳಿ ಸತ್ತಾವು" ಎಂದಳು ಅತ್ತೆ.

"ಇವು ಈಗಿನ ಮರಿ ಅತ್ತಿ, ಇನ್ನೂ ಎಣ್ಣಿ ಹಚ್ಚಿಲ್ಲ."

ಎರಡನೇ ಟ್ರೇ ಬಿತ್ತು. ಕೊಟ್ರೇಶ ಬಾಗಿಲಿಗೆ ಒದೆಯತೊಡಗಿದ. "ಹೊಲಸು ಮುಂಡೇರಾ, ತಗೀರಿಬೇ ಬಾಗಿಲ! ನಿಮ್ಮ ಜಾತಿನ ಅಂಥಾದ್ದು!"

"ನಿನ್ನ ಬಾಯಾಗ ಹುಳಾ ಬೀಳ್ಲೋ ಹಾಟ್ಯಾ!" ಎಂದು ಅಡಿವೆವ್ವ ಒಳಗಿನಿಂದಲೇ ಕೂಗಿದಳು. "ನಿಲ್ಲು, ಇಲ್ಲೇ ರಗಡ ಅದಾವು, ಒಂದ ಬೊಗಸಿ ಕೊಡ್ತೇನಿ!"

ಆನಂದ ಸರ್ ಅವನ ರಟ್ಟೆ ಹಿಡಿದು ಎಳೆದರು. ಬಾಗಿಲು ಮುರಿದರೆ ಧೂಳು ಉಳಿದ ಟ್ರೇಗಳ ಮೇಲೆ ಬೀಳುತ್ತದಂತೆ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ನನಗೆ ಯಾರಾದರೂ ಕೈ ಮುಗಿದದ್ದು ಅದೇ ಮೊದಲು, ಅದೂ ಹುಳದ ಸಲುವಾಗಿ.

"ಮೂರನೇದ್ರಿ ಸರ್" ಎಂದೆ.

ಮೂರನೆಯದು ಖಾಲಿಯಾಯಿತು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅವರು ಓಡಿದರು. ಬರುವಾಗ ಕೈಯಲ್ಲಿ ಲಕೋಟೆ. ಗಾಜಿನ ಆಚೆ ಹರಿದು, ಓದಿದರು. ಇಂಗ್ಲಿಷ್ ಹೆಸರು, ನನಗೆ ತುದಿಬುಡ ತಿಳಿಯಲಿಲ್ಲ.

"ಕನ್ನಡದಾಗ ಬರದು ತೋರಸ್ರಿ. ದಪ್ಪ ಅಕ್ಷರದಾಗ."

ಸಾಲೆಯ ಹುಡುಗನಂತೆ ಬರೆದು ಕಾಗದವನ್ನು ಗಾಜಿಗೆ ಒತ್ತಿದರು. ನಾನು ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಒಂದೊಂದೇ ಅಕ್ಷರ ಓದಿದೆ.

ಆ ಕಡೆ ಡಾಕ್ಟರು ಅದನ್ನು ತಾವೇ ಇನ್ನೊಮ್ಮೆ ಕೂಡಿಸಿ ಓದಿದರು.

"ಇದಾ?" ಎಂದರು ಡಾಕ್ಟರು. "ಇದನ್ನ ಮುಚ್ಚಿಟ್ಟಿದ್ರಾ? ಇದು ಹಳೇ ಎಣ್ಣಿ ಐತಲ್ಲವಾ, ನಾ ಕಾಲೇಜಿಗೆ ಹೋಗೂಮುಂದ ಓದಿದ್ದು. ಇದರ ಸೂಜಿ ನನ್ನ ಕಪಾಟಿನಾಗ ಐತಿ. ಇಡು ಫೋನು, ಕೊಡ್ತೇನಿ."

ಆನಂದ ಸರ್ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ ನಿಂತರು. "ಹೊಸ ಸಂಶೋಧನೆ ಅಂದಿದ್ರು ನಂಗೆ" ಎಂದರು. ಅದನ್ನು ನನಗೆ ಹೇಳಿದರೋ ಕೋಳಿಗೆ ಹೇಳಿದರೋ ಗೊತ್ತಿಲ್ಲ. ಕಂಪನಿಯವರು ಹಳೆಯ ಎಣ್ಣೆಗೆ ಬಿಳಿ ಕಾಗದ ಅಂಟಿಸಿ ಕೊಟ್ಟಿದ್ದರು. ಆ ಗುಟ್ಟನ್ನು ಕಾಯಲು ಇವರು ನನ್ನ ಗಂಡನನ್ನು ಎರಡು ತಾಸು ಒದ್ದಾಡಲು ಬಿಟ್ಟಿದ್ದರು.

ನಾನು ನಾಲ್ಕನೇ ಟ್ರೇಯನ್ನು ಕೆಳಗಿಟ್ಟೆ. ಅಡಿವೆವ್ವ ಅದನ್ನು ಎತ್ತಿ ಸುರಿದಳು.

"ಹೆಸರ ಸಿಕ್ಕಿತಲ್ಲ ಅತ್ತಿ!"

"ಹುಂಜಾ ಇನ್ನೂ ಹೊಟ್ಟಿ ತುಂಬ ತಿಂದಿಲ್ಲ" ಎಂದಳು.

ಹೊರಡುವಾಗ ಒಂದು ಖಾಲಿ ಚಾರ್ಟು, ಒಂದು ಕುಂಚ ತೆಗೆದುಕೊಂಡೆ.

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮಾರೆಪ್ಪನ ಅಂಗಾಲಿಗೆ ಕುಂಚ ಮುಟ್ಟಿಸಿದೆ. ಹೆಬ್ಬೆರಳು ಮಿಸುಕಿತು. ಇಪ್ಪತ್ನಾಲ್ಕರ ಕಾಲಮಿನಲ್ಲಿ 'ಜೀವಂತ' ಎಂದು ಬರೆದೆ. ಭಾನುವಾರ ಒಂದು ಗಂಟೆಗೆ ಕುಂಚ ಮುಟ್ಟಿಸಿದೆ, ತಡವಾಗಿ ಮಿಸುಕಿತು. ಕಣ್ಣು ತೆರೆಯಲಿಲ್ಲ. ಉಸಿರಿಗೆ ಮೂಗಿನಲ್ಲಿ ನಳಿಕೆ ಹಾಕಿದ್ದರು. 'ಜೀವಂತ' ಎಂದೇ ಬರೆದೆ, ಕಣ್ಣಿಗೆ ಕಂಡದ್ದು ಅದೇ. ಬರೆಯುವಾಗ ನನ್ನ ದುಂಡನೆಯ ಅಕ್ಷರ ಸೊಟ್ಟಾಯಿತು.

"ಸೂಜಿ ಕೊಟ್ಟೇನವಾ" ಎಂದರು ನುಜಹತ ಡಾಕ್ಟರು. "ಎರಡ ತಾಸ ಮೊದಲ ಕೊಟ್ಟಿದ್ರ ನಿನಗ ಧೈರ್ಯ ಹೇಳ್ತಿದ್ದೆ."

ಸೋಮವಾರ ಬೆಳಿಗ್ಗೆ ಅತ್ತೆಯನ್ನು ಅವನ ಹತ್ತಿರ ಕೂರಿಸಿ ಇನಾಯತನ ಟಂಟಂ ಹತ್ತಿದೆ. ಕೇಂದ್ರದಲ್ಲಿ ಶಾಮಿಯಾನ ಹಾಕಿದ್ದರು. ಐದು ಜನ ಅತಿಥಿಗಳ ಕೊರಳಲ್ಲಿ ಏಲಕ್ಕಿ ಹಾರ. ಹಿಂದೆ ದೊಡ್ಡ ಬ್ಯಾನರು, ಅದರಲ್ಲಿ ಆಳೆತ್ತರದ ಮಾರೆಪ್ಪ. ಬಿಳಿ ಅಂಗಿ, ಮಾಸ್ಕು, ಕನ್ನಡಕ. ಕೆಳಗೆ 'ರೈತ, ಕಾರ್ಮಿಕರ ಸುರಕ್ಷತೆಯೇ ನಮ್ಮ ಧ್ಯೇಯ' ಎಂದಿತ್ತು. ಕನ್ನಡಕಕ್ಕೆ ಹತ್ತಿದ ಉಗಿ ಫೋಟೋದಲ್ಲೂ ಬಂದಿತ್ತು. ಅವನು ನಗುತ್ತಿದ್ದನೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆನಂದ ಸರ್ ಮೈಕಿನ ಮುಂದೆ ಎ-ಏಳರ ಹೊಸತನದ ಬಗ್ಗೆ ಮಾತಾಡುತ್ತಿದ್ದರು. ಹೌದು, ಎಲ್ಲ ತಿಳಿದ ಮೇಲೂ. ಹರಿದ ಲಕೋಟೆಯ ಬದಲು ಮೇಜಿನ ಮೇಲೆ ಹೊಸ ಲಕೋಟೆ ಇತ್ತು, ಅರಗಿನ ಮುದ್ರೆ ಸಮೇತ.

ನಾನು ವೇದಿಕೆ ಹತ್ತಿ, ಚಾರ್ಟನ್ನು ಬ್ಯಾನರಿನ ಬಿಳಿ ಅಂಗಿಯ ಎದೆಗೆ ಪಿನ್ನು ಚುಚ್ಚಿದೆ. ಅದರಲ್ಲಿ ಎಲ್ಲವೂ ಕ್ರಮವಾಗಿತ್ತು. ಪ್ರಯೋಗಕ್ಕೆ ಒಳಪಟ್ಟ ಜೀವಿ: ಮಾರೆಪ್ಪ. ಎಣ್ಣೆ: ಅದರ ಪೂರ್ತಿ ಹೆಸರು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಪ್ರಮಾಣ: ಎರಡು ಪಟ್ಟು. ರಕ್ಷಣೆ: ಒಂದು ಟವೆಲ್. ಇಪ್ಪತ್ನಾಲ್ಕು: ಜೀವಂತ. ನಲವತ್ತೆಂಟು: ಜೀವಂತ. ಅತಿಥಿಗಳಲ್ಲಿ ಕನ್ನಡ ಬಲ್ಲ ಹೆಂಗಸೊಬ್ಬರು ಎದ್ದು ಬಂದು ಓದತೊಡಗಿದರು.

ಕೊಟ್ರೇಶ ನನ್ನನ್ನು ಎಳೆದು ಹಾಕಲು ಹಾರಿ ಬಂದ. ರಟ್ಟೆಯ ಹತ್ತಿರ ತಂದ ಕೈಯನ್ನು ಅಲ್ಲೇ ನಿಲ್ಲಿಸಿದ. ಎಳೆಯಬೇಕಾದರೆ ನನ್ನನ್ನು ಮುಟ್ಟಬೇಕಿತ್ತು.

"ಎಪ್ಪತ್ತೆರಡರ ಕಾಲಂ ಖಾಲಿ ಐತ್ರಿ ಸರ್" ಎಂದೆ. ನನ್ನ ದನಿ ಮೈಕಿನಲ್ಲಿ ಹೊಲದ ತುದಿಯ ತನಕ ಕೇಳಿಸಿತು. "ಎಣಿಕಿ ಮುಗಸೂ ದಿನಾ ಇವತ್ತ. ನಾ ಅವನ ಹೆಂಡ್ತಿ, ಬರದ್ರ ಪಕ್ಷಪಾತ ಆಕೈತಿ. ದವಾಖಾನಿಗೆ ನೀವ ಬರ್ರಿ, ನೀವ ಮುಟ್ಟಿ ನೋಡಿ ಬರೀರಿ. ಕೈಲೆ ಮುಟ್ಟೂದ ಬ್ಯಾಡ್ರಿ, ಕುಂಚ ತಂದೇನಿ."

ಆನಂದ ಸರ್ ಕುಂಚವನ್ನು ನೋಡಿದರು, ಲಕೋಟೆಯನ್ನು ನೋಡಿದರು. ಯಾರೋ ಮೈಕು ಆರಿಸಿದರು. ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ನಾನು ಕುಂಚ ಹಿಡಿದ ಕೈ ಚಾಚಿಕೊಂಡೇ ನಿಂತಿದ್ದೆ.